ಪಿಪಿಆರ್ (ಕುರಿ-ಆಡುಗಳ ಪ್ಲೇಗ್) ಲಸಿಕೆ ಹಾಕಿಸಿದ ಕುರಿಗಳಿಗೆ ಬಾಯಿ ಊತ, ನಾಲಿಗೆ ನೀಲಿ

ಕಾರಟಗಿ ಕುರಿಗಾರ: ಭತ್ತದ ಗದ್ದೆ ಪಕ್ಕ ಹಟ್ಟಿ ಐತ್ರಿ. ಮಳೆ ನಿಂತ ಮೇಲೆ ಕೆಂಗುರಿಗಳಿಗೆ 106 ಡಿಗ್ರಿ ಜ್ವರ, ತುಟಿ-ಮುಖ ಬಾತಾವ, ಮೂಗಿನಾಗ ಸಿಂಬಳ ಒಣಗಿ ಹಕ್ಕಳೆ ಕಟ್ಟೈತಿ. ಎರಡಕ್ಕ ನಾಲಿಗೆ ನೀಲಿ ಆಗೇತಿ, ಕುಂಟತಾವ. ಜೊತೆಗಿರೋ ಆಡುಗಳಿಗೆ ಏನೂ ಆಗಿಲ್ಲ. ಪಿಪಿಆರ್ ಲಸಿಕೆ ಕೆಟ್ಟಿತ್ತಾ? ಈಗ ನೀಲಿ ನಾಲಿಗೆ ಲಸಿಕೆ ಹಾಕಿಸಬಹುದಾ?

ಪಶುವೈದ್ಯ, ರಾಯಚೂರು: ಲಸಿಕೆ ಮೇಲೆ ತಪ್ಪು ಹೊರಿಸಬೇಡಿ. ಪಿಪಿಆರ್ ಆಗಿದ್ದರೆ ಆಡುಗಳೂ ಮಲಗುತ್ತಿದ್ದವು, ಭೇದಿ ಜೋರಿರುತ್ತಿತ್ತು. ಕುಂಟುವ ಕುರಿಯ ಕಾಲು ಎತ್ತಿ ನೋಡಿ: ಗೊರಸು ಚರ್ಮಕ್ಕೆ ಕೂಡುವ ಅಂಚಿನಲ್ಲಿ ಕೆಂಪು ಪಟ್ಟಿ ಇದ್ದರೆ ನೀಲಿ ನಾಲಿಗೆಯ ಅನುಮಾನ ಗಟ್ಟಿ. ಗೊರಸಿನ ಸಂದಿನಲ್ಲಿ ಗುಳ್ಳೆ ಇದ್ದರೆ ಕಾಲುಬಾಯಿ ಜ್ವರವನ್ನೂ ನೋಡಬೇಕು. ಖಚಿತವಾಗಲು ಜ್ವರ ಇರುವಾಗಲೇ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬು) ರಕ್ತ ತೆಗೆಸಿ, ಐಸ್ ಮೇಲಿಟ್ಟು ಕಳಿಸಿ. ಫ್ರೀಜರ್‌ನಲ್ಲಿ ಇಡಬೇಡಿ, ರಕ್ತಕಣ ಒಡೆದು ವೈರಸ್ ಬೆಳೆಸಿ ನೋಡುವುದು ಕಷ್ಟವಾಗುತ್ತದೆ.

ವೈರಸ್‌ಗೆ ನೇರ ಔಷಧಿ ಇಲ್ಲ, ಆರೈಕೆಯೇ ಜೀವ ಉಳಿಸುವುದು. 10 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಕರಗಿಸಿ ಬಾಯಿ ತೊಳೆಯಿರಿ. ತಿಳಿ ಗುಲಾಬಿ ಬಣ್ಣ ಸಾಕು, ಗಾಢವಾದರೆ ಹುಣ್ಣು ಸುಡುತ್ತದೆ. ಆಮೇಲೆ ಬೋರಿಕ್ ಪುಡಿ ಕಲಸಿದ ಗ್ಲಿಸರಿನ್ ಹಚ್ಚಿ. ಬಿಸಿಲಿಗೆ ಬಿಡಲೇಬೇಡಿ, ಬಿಸಿಲು ಬಿದ್ದರೆ ಮುಖದ ಊತ ಹೆಚ್ಚುತ್ತದೆ. ಮೇಲಿಂದ ಬ್ಯಾಕ್ಟೀರಿಯಾ ಸೇರದಂತೆ ಲಾಂಗ್ ಆ್ಯಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್: ಕೆಜಿಗೆ 20 ಮಿಗ್ರಾಂ. ಅಂದರೆ ಮಿಲಿಗೆ 200 ಮಿಗ್ರಾಂ ಇರುವ ಬಾಟಲಿಯದು 10 ಕೆಜಿ ತೂಕಕ್ಕೆ 1 ಮಿಲಿ, ಮಾಂಸಖಂಡಕ್ಕೆ, ವೈದ್ಯರ ಕೈಯಲ್ಲೇ. ಕುರಿಗೊಂದು ಸೂಜಿ, ಒಂದೇ ಸೂಜಿಯಿಂದ ರೋಗವೂ ದಾಟುತ್ತದೆ.

ಕಾರಟಗಿ ಕುರಿಗಾರ: ಮೇವು ಮುಟ್ಟುತ್ತಿಲ್ಲ. ಗೊಟ್ಟದಾಗ ಅಂಬಲಿ ಕುಡಿಸಲಾ?

ಪಶುವೈದ್ಯ, ರಾಯಚೂರು: ಬೇಡ. ನಾಲಿಗೆ ಬಾತಾಗ ನುಂಗಲು ಬಾರದೆ ಅಂಬಲಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ನ್ಯುಮೋನಿಯಾ. ಅಗಲ ಬುಟ್ಟಿಯಲ್ಲಿ ತೆಳ್ಳಗಿನ ಜೋಳದ ಅಂಬಲಿ, ಎಳೆ ಹುಲ್ಲು ಇಡಿ, ತಾನಾಗಿ ನೆಕ್ಕಲಿ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಸಲೈನ್ ಹಾಕಿಸಿ.

ಲ್ಯಾಬ್ ಕಡೆಯವರು, ಬಳ್ಳಾರಿ: ಲಸಿಕೆ ಬಗ್ಗೆ: ನಮ್ಮಲ್ಲಿ ಸಿಗುವುದು ನಿಷ್ಕ್ರಿಯ ಪಂಚ ಲಸಿಕೆ, ಅದರಲ್ಲಿ ನೀಲಿ ನಾಲಿಗೆ ವೈರಸ್‌ನ 1, 2, 10, 16, 23ನೇ ಸೀರೋಟೈಪ್ (ಉಪಬಗೆ) ಇವೆ. ಒಂದು ಸೀರೋಟೈಪ್ ವಿರುದ್ಧ ಬಂದ ರೋಗ ತಡೆಯುವ ಶಕ್ತಿ ಇನ್ನೊಂದಕ್ಕೆ ಪೂರ್ತಿ ಒದಗುವುದಿಲ್ಲ. ಅದಕ್ಕೇ ರಕ್ತ ಕಳಿಸುವಾಗ ಸೀರೋಟೈಪ್ ಪರೀಕ್ಷೆಯನ್ನೂ ಕೇಳಿ. ಜ್ವರ ಬಂದ ಕುರಿಗೆ ಈಗ ಹಾಕಿದರೆ ಲಾಭವಿಲ್ಲ. ಶಕ್ತಿ ಬರಲು ವಾರಗಳು ಬೇಕು, ಆದ್ದರಿಂದ ಮುಂಗಾರಿಗೆ ಮುಂಚೆಯೇ ಹಾಕಿಸಬೇಕು.

ನೀಲಿ ನಾಲಿಗೆ ರೋಗ ಮುಖ್ಯವಾಗಿ ಕುರಿಯಿಂದ ಕುರಿಗೆ ಮುಟ್ಟಿ ಬರುವುದಲ್ಲ, ಕ್ಯುಲಿಕಾಯ್ಡಿಸ್ ಎಂಬ ಪುಟ್ಟ ನೊಣ ಕಚ್ಚಿ ಬರುವುದು. ಅದು ಹಸಿ ಹಿಕ್ಕೆ, ಕೆಸರಿನಲ್ಲಿ ಮೊಟ್ಟೆ ಇಟ್ಟು, ಮುಸ್ಸಂಜೆ ಮತ್ತು ನಸುಕಿನಲ್ಲಿ ಕಚ್ಚುತ್ತದೆ. ಹಟ್ಟಿಯನ್ನು ಗದ್ದೆ, ಕಾಲುವೆಯಿಂದ ದೂರದ ಒಣ ದಿಬ್ಬಕ್ಕೆ ಸರಿಸಿ. ಹಿಕ್ಕೆ ದಿನಾ ಬಳಿದು ತೆಗೆಯಿರಿ, ಹೊತ್ತು ಮುಳುಗುವ ಮುಂಚೆ ಬೇವಿನ ಸೊಪ್ಪಿನ ಹೊಗೆ ಹಾಕಿ.