ಪದಚರ್ಚೆ: 'ಕ್ಷಮಾಪಣಾ ಪತ್ರ' ಸರಿಯೇ? 'ಮನ್ನಾ' ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಮೊನ್ನೆ ಮಗಳು ಇತಿಹಾಸದ ಪರೀಕ್ಷೆಗೆ ಓದುತ್ತಿದ್ದಳು. ಯುರೋಪಿನ ಪುನರುಜ್ಜೀವನ, ಅದರ ಬೆನ್ನಿಗೇ ಮತಸುಧಾರಣೆ. ನೋಟ್ಸಿನಿಂದ ತಲೆ ಎತ್ತಿ ಕೇಳಿದಳು: "ಅಪ್ಪಾ, ತಪ್ಪು ಮಾಡಿದ್ದು ಜನ ಅಲ್ವಾ? ಕ್ಷಮಾಪಣಾ ಪತ್ರ ಪೋಪ್ ಯಾಕೆ ಕೊಡಬೇಕಿತ್ತು?"

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಕ್ಷಮಾಪಣೆ ಅಂದರೆ ಕ್ಷಮೆ ಕೇಳುವುದು. ತಪ್ಪು ಮಾಡಿದ ಹುಡುಗ ಮೇಷ್ಟರಿಗೆ ಬರೆದುಕೊಡುವುದು ಕ್ಷಮಾಪಣಾ ಪತ್ರ. ಆ ಕಾಲದಲ್ಲಿ ಹಣ ಪಡೆದು ಚರ್ಚು ಜನರಿಗೆ ಕೊಟ್ಟ ಕಾಗದಕ್ಕೆ ಈ ಹೆಸರಿಟ್ಟರೆ ಕೊಡುವವರು ಯಾರು, ಕೇಳುವವರು ಯಾರು ಅನ್ನುವುದೇ ಅದಲುಬದಲಾಗುತ್ತದೆ.

ಇಂಗ್ಲಿಷಿನ 'ಇಂಡಲ್ಜೆನ್ಸ್'ಗೆ ನಮ್ಮಲ್ಲಿ ಓಡುವ ಇನ್ನೊಂದು ಪದ 'ಪಾಪವಿಮೋಚನಾ ಪತ್ರ'. ಅದರಲ್ಲಿ ಬೇರೆ ತೊಡಕಿದೆ. ಚರ್ಚಿನ ಲೆಕ್ಕದಲ್ಲಿ ಪಾಪ ಬೇರೆ, ಅದಕ್ಕೆ ತೆರಬೇಕಾದ ದಂಡ ಬೇರೆ. ಪಶ್ಚಾತ್ತಾಪಪಟ್ಟು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದರೆ ಪಾಪಕ್ಕೆ ಕ್ಷಮೆ ಸಿಗುತ್ತದೆ. ದಂಡದ ಬಾಕಿ ಮಾತ್ರ ಉಳಿಯುತ್ತದೆ. ಉಪವಾಸ, ಯಾತ್ರೆ, ಪ್ರಾರ್ಥನೆ ಅಂತ ಪ್ರಾಯಶ್ಚಿತ್ತ ಮಾಡಿ ಅದನ್ನು ತೀರಿಸಬೇಕು. ಬದುಕಿದ್ದಾಗ ತೀರದಿದ್ದರೆ, ಸತ್ತ ಮೇಲೆ ಸ್ವರ್ಗಕ್ಕೆ ಹೋಗುವ ಮುಂಚೆ ಶುದ್ಧಿಯಾಗುವ ಜಾಗದಲ್ಲಿ ತೀರಿಸಬೇಕು. ಈ ಬಾಕಿಯನ್ನು ಬಿಟ್ಟುಕೊಡುವುದೇ ಇಂಡಲ್ಜೆನ್ಸ್. ಅಂದರೆ ಅದು ಪಾಪದ ವಿಮೋಚನೆ ಅಲ್ಲ, ದಂಡದ ಮನ್ನಾ.

'ಮನ್ನಾ' ಅಂತ ಸುಮ್ನೆ ಹೇಳುತ್ತಿಲ್ಲ. ಲ್ಯಾಟಿನ್ನಿನ 'ಇಂಡುಲ್ಗೆನ್ಶಿಯಾ' ರೋಮನ್ ಕಾನೂನಿನಲ್ಲೂ ಇದ್ದ ಮಾತು. ತೆರಿಗೆಯನ್ನೋ ಶಿಕ್ಷೆಯನ್ನೋ ಬಿಟ್ಟುಕೊಡುವುದಕ್ಕೆ ಹಾಗೆನ್ನುತ್ತಿದ್ದರು. ಜರ್ಮನ್ನಿನ 'ಅಬ್ಲಾಸ್' ಪದದಲ್ಲೂ 'ಬಿಟ್ಟುಬಿಡು' ಅನ್ನುವ ಕ್ರಿಯಾಪದವೇ ಇದೆ. ನಮ್ಮ ರೈತರು ದಿನಾ ಆಡುವ ಸಾಲಮನ್ನಾ, ಕಂದಾಯ ಮನ್ನಾಕ್ಕೆ ಇದಕ್ಕಿಂತ ಹತ್ತಿರದ ನೆಂಟ ಇನ್ಯಾವುದು?

ಆ ಪತ್ರ ನೋಡಲು ಹೇಗಿತ್ತು ಅಂತ ತಿಳಿದರೆ ಪದ ಆರಿಸುವುದು ಇನ್ನೂ ಸುಲಭ. ಜರ್ಮನಿಯ ಮೈಂಟ್ಸ್‌ ಊರಿನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚಾಗುತ್ತಿದ್ದ ಹೊತ್ತಿನಲ್ಲೇ, 1454ರಲ್ಲಿ, ಇಂಥ ಪತ್ರಗಳೂ ಅಚ್ಚಾದವು. ತುರ್ಕರ ವಿರುದ್ಧ ಸೈಪ್ರಸ್ಸಿನ ರಕ್ಷಣೆಗೆ ಹಣ ಕೂಡಿಸಲು ಮಾಡಿದ ಪತ್ರ ಅದು. ತೊಗಲಿನ ಒಂದೇ ಹಾಳೆ. ಒಂದು ಅಚ್ಚಿನಲ್ಲಿ 31 ಸಾಲು, ಇನ್ನೊಂದರಲ್ಲಿ 30. ಮಾತೆಲ್ಲ ಮೊದಲೇ ಅಚ್ಚಾಗಿದೆ. ಪಡೆಯುವವರ ಹೆಸರು, ತಾರೀಕಿಗೆ ಮಾತ್ರ ಜಾಗ ಖಾಲಿ. ಗುಮಾಸ್ತ ಶಾಯಿಯಲ್ಲಿ ಅದನ್ನು ತುಂಬಿ ಕೊಡುತ್ತಿದ್ದ. ರಸೀದಿ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ಯುರೋಪಿನ ಅಚ್ಚಿನ ಮನೆ ಮೊದಮೊದಲು ಮಾಡಿದ ಕೆಲಸಗಳಲ್ಲಿ ಇದೂ ಒಂದು ಅನ್ನುವುದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

1476ರಲ್ಲಿ ಪೋಪ್ 4ನೇ ಸಿಕ್ಸ್ಟಸ್, ಸತ್ತವರ ಪರವಾಗಿಯೂ ಇದನ್ನು ಪಡೆಯಬಹುದು ಎಂದರು. ಅಲ್ಲಿಂದ ವ್ಯಾಪಾರ ಜಾಸ್ತಿಯಾಯಿತು. ತೀರಿಹೋದ ಅಮ್ಮನ ಬಾಕಿಯನ್ನು ತೀರಿಸಲು ಯಾವ ಮಕ್ಕಳು ಹಿಂದೆಮುಂದೆ ನೋಡುತ್ತಾರೆ? ರೋಮ್‌ನಲ್ಲಿ 1506ರಲ್ಲಿ ಸಂತ ಪೇತ್ರರ ಹೊಸ ದೇವಾಲಯದ ಕೆಲಸ ಶುರುವಾಗಿತ್ತು. ಬ್ರಮಾಂಟೆ, ರಫೇಲ್, ಮೈಕೆಲೇಂಜಲೊ ದುಡಿದ ಕಟ್ಟಡ. ಅದಕ್ಕೆ ಹಣ ಬೇಕು ಅಂತ ಪೋಪ್ 10ನೇ ಲಿಯೊ ಮನ್ನಾ ಪತ್ರ ಹೊರಡಿಸಿದರು. ಜರ್ಮನಿಯಲ್ಲಿ ಬಂದ ಹಣದ ಅರ್ಧ, ಮೈಂಟ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗರ್ ಸಾಹುಕಾರರ ಹತ್ತಿರ ಮಾಡಿದ್ದ ಸಾಲಕ್ಕೆ ಹೋಗುತ್ತಿತ್ತು. ಕಲೆಯ ಪಾಠ, ಅಚ್ಚಿನ ಪಾಠ, ಧರ್ಮದ ಪಾಠ ಅಂತ ನಮ್ಮ ಮಕ್ಕಳು ಬೇರೆಬೇರೆಯಾಗಿ ಓದುವ ಮೂರೂ ಈ ಒಂದು ಹಾಳೆಯಲ್ಲಿ ಕೂಡುತ್ತವೆ.

1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್‌ನಲ್ಲಿ ಬರೆದ 95 ವಾದಗಳು ಇದರ ವಿರುದ್ಧವೇ. ನಮ್ಮ ಬಳಗಕ್ಕೆ ಹಿಡಿಸುವ ಸಂಗತಿ ಏನೆಂದರೆ, ಅವು ಶುರುವಾಗುವುದೇ ಒಂದು ಮಾತಿನ ಅರ್ಥದಿಂದ. ಲ್ಯಾಟಿನ್ ಬೈಬಲಿನಲ್ಲಿ ಯೇಸುವಿನ ಮಾತು 'ಪೆನಿಟೆನ್ಶಿಯಂ ಅಗಿತೆ' ಅಂತಿತ್ತು. ಪ್ರಾಯಶ್ಚಿತ್ತ ಮಾಡಿ ಅಂತ ಅದನ್ನು ಓದುವ ರೂಢಿ. ಪಾದ್ರಿ ಹೇಳಿದ ಪ್ರಾಯಶ್ಚಿತ್ತ ಮಾಡಿ ಮುಗಿಸುವ ಮಾತು ಇದಲ್ಲ, ಬದುಕಿಡೀ ನಡೆಯಬೇಕಾದ ಪಶ್ಚಾತ್ತಾಪ ಅಂದರು ಲೂಥರ್. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಗ್ರೀಕ್ ಮೂಲವನ್ನೇ ಅಚ್ಚು ಹಾಕಿಸಿದ್ದ. ಅಲ್ಲಿರುವ 'ಮೆಟನೊಯ್ತೆ'ಗೆ ಮನಸ್ಸು ಬದಲಾಯಿಸಿಕೊಳ್ಳಿ ಅನ್ನುವ ಅರ್ಥ. ಹಳೆಯ ಗ್ರಂಥಗಳನ್ನು ಮೂಲದಲ್ಲೇ ಓದಬೇಕು ಅನ್ನುವ ಪುನರುಜ್ಜೀವನದ ಹಟ ಇಲ್ಲಿ ಧರ್ಮದ ಬುಡಕ್ಕೇ ತಗುಲಿತು.

ಆದ್ದರಿಂದ ಕನ್ನಡದಲ್ಲೂ ಪಾಪ, ದಂಡ, ಪಶ್ಚಾತ್ತಾಪ, ಪ್ರಾಯಶ್ಚಿತ್ತ ನಾಲ್ಕೂ ಬೇರೆಬೇರೆಯಾಗಿ ಉಳಿಯಬೇಕು. ಅವು ಕಲಸಿಹೋದರೆ ಲೂಥರ್ ಯಾವುದಕ್ಕೆ ಸಿಟ್ಟಾದರು ಅನ್ನುವುದೇ ಓದುವವರಿಗೆ ಸಿಗುವುದಿಲ್ಲ. ನನಗೆ ಹೊಳೆದದ್ದು 'ದಂಡಮನ್ನಾ ಪತ್ರ'. 'ಮಾಫಿ ಪತ್ರ' ಚಿಕ್ಕದಾಗಿದೆ, ಆದರೆ ಮಾಫಿಯಲ್ಲಿ ಕ್ಷಮೆಯ ಅರ್ಥವೂ ಇರುವುದರಿಂದ ಹಳೇ ಗೊಂದಲ ಮತ್ತೆ ಬಂದೀತು.

ಬಳಗದಲ್ಲಿರುವ ಕಥೋಲಿಕ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಚರ್ಚಿನಲ್ಲಿ ಇದಕ್ಕೆ ಬಾಯಲ್ಲಿ ಏನನ್ನುತ್ತೀರಿ? ಅಜ್ಜಿಯರು ಆಡುವ ಮಾತು ಇದ್ದರೆ ಅದನ್ನೇ ಬರೆಯಿರಿ. ಅದು ಸಿಕ್ಕರೆ 'ದಂಡಮನ್ನಾ'ವನ್ನು ಖುಷಿಯಿಂದ ಬಿಟ್ಟುಕೊಡುತ್ತೇನೆ.