ಸಹಾಯ ಬೇಕು: ಶಾರ್ಟ್ ಮಾಡಿದ ಷೇರು ಅಪ್ಪರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಗಾಂಧಿ ಚೌಕದ ಹತ್ತಿರ ಸಣ್ಣ ಅಂಗಡಿ ಇದೆ. ಇವತ್ತು ಒಂದು ಸಣ್ಣ ಕಂಪನಿಯ ಷೇರು ಬೀಳುತ್ತೆ ಅಂತ ನಂಬಿ, ಬೆಳಿಗ್ಗೆ ಇಂಟ್ರಾಡೇಯಲ್ಲಿ (ಅದೇ ದಿನ ವಾಪಸ್ ಕೊಳ್ಳುವ ಲೆಕ್ಕದಲ್ಲಿ) ಕೈಯಲ್ಲಿಲ್ಲದ 300 ಷೇರು ಮಾರಿದೆ, ಅಂದರೆ ಶಾರ್ಟ್ ಮಾಡಿದೆ, 82.50 ರೂಪಾಯಿಗೆ. ನಿನ್ನೆಯ ಮುಕ್ತಾಯ ಬೆಲೆ 80 ಇತ್ತು. ಮಧ್ಯಾಹ್ನದ ಹೊತ್ತಿಗೆ 10% ಏರಿ, ಆ ದಿನ ಏರಬಹುದಾದ ಗರಿಷ್ಠ ಮಿತಿಯಾದ (ಅಪ್ಪರ್ ಸರ್ಕ್ಯೂಟ್) 88ಕ್ಕೆ ಲಾಕ್ ಆಯಿತು. ಮಾರುವವರ ಕಡೆ ಪೂರ್ತಿ ಸೊನ್ನೆ.

88ಕ್ಕೆ ಖರೀದಿ ಆರ್ಡರ್ ಹಾಕಿ 3.30ರವರೆಗೂ ಮೊಬೈಲ್ ಹಿಡಿದೇ ಕೂತಿದ್ದೆ. ಒಂದು ಷೇರೂ ಸಿಗಲಿಲ್ಲ. ದಿನದ ಕೊನೆಗೆ ಬ್ರೋಕರ್ ತಾನೇ ಕೊಂಡು ವ್ಯವಹಾರ ಮುಗಿಸುವ ಆಟೋ ಸ್ಕ್ವೇರ್ ಆಫ್ ಕೂಡ ಆಗಲಿಲ್ಲ. ಕೈಯಲ್ಲಿ ಕಾಯಿ ಇಲ್ಲದೆ ಇಂಡಿ ನಿಂಬೆಗೆ ಮಾತು ಕೊಟ್ಟು, ಸಂತೆಗೆ ಹೋದರೆ ಮಾಲೇ ಬಂದಿಲ್ಲ ಅನ್ನೋ ಹಾಗಾಗಿದೆ. ನನ್ನಂತೆ ಶಾರ್ಟ್ ಮಾಡಿದವರೆಲ್ಲ ಒಟ್ಟಿಗೆ ಕೊಳ್ಳಲು ಓಡಿದ್ದಕ್ಕೇ ಬೆಲೆ ಇನ್ನೂ ಜಾಸ್ತಿ ಏರಿರಬೇಕು, ಅಲ್ವಾ? ಈ ಕಂಪನಿಗೆ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ನಿಗದಿ ಮಾಡುವ ಒಪ್ಪಂದ) ಕೂಡ ಇಲ್ಲ, ಬೇರೆ ದಾರಿ ಕಾಣಲಿಲ್ಲ.

ಷೇರು ಕೊಡದಿದ್ದರೆ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಳ್ಳುತ್ತೆ ಅಂತ ಓದಿದೆ. ಅಲ್ಲೂ ಸಿಗದಿದ್ದರೆ ಕ್ಲೋಸ್ ಔಟ್, ಅಂದರೆ ಷೇರಿನ ಬದಲು ಹಣದಲ್ಲೇ ಲೆಕ್ಕ ತೀರಿಸೋದು: ನಾನು ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚು ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯ ಬೆಲೆಯ ಮೇಲೆ 20%, ಯಾವುದು ಜಾಸ್ತಿಯೋ ಅದು. ಹರಾಜಿನ ದಿನವಾದ ನಾಳೆಯೂ 88ರಲ್ಲೇ ನಿಂತರೆ 105.60 ಆಗುತ್ತೆ, ಅಂದರೆ 6,930 ರೂಪಾಯಿ ನಷ್ಟ. ಇನ್ನೂ 10% ಏರಿದರೆ ಹತ್ತು ಸಾವಿರ ದಾಟುತ್ತೆ. ಅದು ಅಂಗಡಿಗೆ ಮಾಲು ತರುವ ದುಡ್ಡು.

ಗೊಂದಲ ಇಷ್ಟೇ. ನಾಳೆ ಬೆಳಿಗ್ಗೆ ನಾನೇ 300 ಷೇರು ಕೊಂಡರೆ ಈ ಹರಾಜು ತಪ್ಪುತ್ತಾ? ಅಥವಾ ಅದು ಬೇರೆ ಸೆಟಲ್‌ಮೆಂಟ್ (ಷೇರು-ಹಣದ ಲೆಕ್ಕ ಚುಕ್ತಾ) ಆಗಿ, ಹರಾಜೂ ನಡೆದು, ಷೇರೂ ನನ್ನ ಹತ್ತಿರವೇ ಉಳಿಯುತ್ತಾ? ಹರಾಜು ಎದುರಿಸಿದವರು ದಯವಿಟ್ಟು ಇವತ್ತು ರಾತ್ರಿಯೊಳಗೆ ತಿಳಿಸಿ.