ವೋಟಿಂಗ್ ನಂಬರ್ ಯಾವಾಗಲೂ ಬ್ಯುಸಿ, ನಮ್ಮೂರ ಹುಡುಗನಿಗೆ ವೋಟು ಹಾಕೋದು ಹೇಗೆ?

ಹಾನಗಲ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ಟಿವಿಯ ಹಾಡಿನ ಶೋ ಒಂದರಲ್ಲಿ ನಮ್ಮ ತಾಲ್ಲೂಕಿನ ಹುಡುಗ ಕೊನೆಯ ಸುತ್ತುಗಳಿಗೆ ಬಂದಿದ್ದಾನೆ. ನಮ್ಮ ಕಡೆಯವನು ಅಂತ ಹೇಳುತ್ತಿಲ್ಲ, ನಿಜವಾಗಲೂ ಚೆನ್ನಾಗಿ ಹಾಡುತ್ತಾನೆ. ಆದರೆ ವೋಟು ಹಾಕೋಣ ಅಂದರೆ ಲೈನೇ ಸಿಗುವುದಿಲ್ಲ. ಎಪಿಸೋಡ್ ಮುಗಿದು ಪರದೆಯ ಕೆಳಗೆ ನಂಬರ್ ಬಂದ ತಕ್ಷಣ ಮನೆಯಲ್ಲಿರುವ ಎಲ್ಲಾ ಫೋನುಗಳಿಂದಲೂ ಹೊಡೆಯುತ್ತೇವೆ, ಒಂದೋ ಬ್ಯುಸಿ, ಇಲ್ಲವೇ ಸದ್ದೇ ಇಲ್ಲದೆ ಕಟ್. ಎಸ್ಸೆಮ್ಮೆಸ್ ಕಳಿಸಿದರೆ ಅಮ್ಮನ ಫೋನಿಂದ ಹೋಗುವುದೇ ಇಲ್ಲ. ಅಣ್ಣನ ಫೋನಿಂದ ಹೋಗುತ್ತದೆ, ದುಡ್ಡೂ ಕಟ್ ಆಗುತ್ತದೆ, ಆದರೆ ವೋಟು ಬಂದಿದೆ ಅನ್ನುವ ಉತ್ತರ ಮಾರನೇ ದಿನ ಬೆಳಿಗ್ಗೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಬೆಂಗಳೂರಲ್ಲಿರುವ ಅತ್ತೆ ಮಗಳು ಆ್ಯಪಿನಲ್ಲಿ ಒತ್ತಿ ಆರಾಮಾಗಿ ಮುಗಿಸುತ್ತಾಳೆ. ನಮಗೆ ನೆಟ್ ಸಿಗುವುದು ಮಾಳಿಗೆ ಹತ್ತಿದರೆ ಮಾತ್ರ.

ಈ ಬ್ಯುಸಿ ಬೇಕಂತಲೇ ಮಾಡಿದ್ದಾ? ಕೆಲವು ಸ್ಪರ್ಧಿಗಳ ಲೈನ್ ಬ್ಲಾಕ್ ಮಾಡಿರುತ್ತಾರೆ ಅಂತ ಊರಲ್ಲೆಲ್ಲ ಮಾತು. ತಡವಾಗಿ ತಲುಪಿದ ವೋಟು ಲೆಕ್ಕಕ್ಕೆ ಬರುತ್ತದಾ? ಲೈನ್ ಸಿಗೋಕೆ ಏನಾದರೂ ದಾರಿ ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ ಎಕ್ಸ್‌ಚೇಂಜ್ ನೌಕರ:

ತಂಗಿ, ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ಕೆಲಸ ಮಾಡಿ ನಿವೃತ್ತಿಯಾದವನು. ಬೇಕಂತಲೇ ಬ್ಲಾಕ್ ಮಾಡಿದ್ದಾರೆ ಅನ್ನುವ ಮೊದಲು ಫೋನ್ ಜಾಲವನ್ನು ಹೇಗೆ ಕಟ್ಟಿರುತ್ತಾರೆ ಅಂತ ನೋಡಬೇಕು. ಒಂದು ಊರಲ್ಲಿ ಎಷ್ಟು ಫೋನ್ ಇದೆಯೋ ಅಷ್ಟು ಲೈನ್ ಊರಿಂದ ಹೊರಗೆ ಎಲ್ಲೂ ಇರುವುದಿಲ್ಲ. 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ, 128 ಪೋರ್ಟಿನದು, ಅಂದರೆ ಲೈನ್ ಜೋಡಿಸುವ ಜಾಗ ಒಟ್ಟು 128, ಅದರಲ್ಲೂ ಹೊರಗೆ ಹೋಗುವ ದಾರಿ ಚಂದಾದಾರರಿಗಿಂತ ಎಷ್ಟೋ ಕಡಿಮೆ. ಎಲ್ಲರೂ ಒಟ್ಟಿಗೆ ಫೋನ್ ಎತ್ತುವುದಿಲ್ಲ ಅನ್ನುವ ಲೆಕ್ಕದ ಮೇಲೇ ಎಲ್ಲವೂ ನಿಂತಿರುವುದು. ಮೊಬೈಲ್ ಟವರಿಗೂ ಅದೇ ಲೆಕ್ಕ. ನಿಮ್ಮ ಶೋ ಮಾಡುವುದು ಏನು? ಇಡೀ ರಾಜ್ಯದವರನ್ನು ಒಂದೇ ನಿಮಿಷದಲ್ಲಿ ಫೋನ್ ಎತ್ತಿಸುವುದು.

ಇನ್ನು ವೋಟಿನ ಕರೆ ತೆಗೆದುಕೊಳ್ಳುವ ಆ ತುದಿ ನೋಡಿ. ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನಿಗೆ ಪಿಸಿಎಂ ಲಿಂಕ್ ಅನ್ನುತ್ತಾರೆ, ಅಂಥ ಒಂದು ಲಿಂಕಿನಲ್ಲಿ ಏಕಕಾಲಕ್ಕೆ 30 ಕರೆ ಹೋಗುತ್ತವೆ. ರೆಕಾರ್ಡ್ ಮಾಡಿದ ದನಿ ಥ್ಯಾಂಕ್ಸ್ ಹೇಳಿ ಮುಗಿಸಲು ಒಂದು ಕರೆಗೆ 15 ಸೆಕೆಂಡು ಹಿಡಿದರೆ ನಿಮಿಷಕ್ಕೆ 120 ವೋಟು, ಗಂಟೆಗೆ 7,200. ಅಂಥ ಲಿಂಕ್ ಹತ್ತು ಹಾಕಿದರೂ ಗಂಟೆಗೆ 72,000 ಅಷ್ಟೇ. ಲಕ್ಷಗಟ್ಟಲೆ ಜನ ಹೊಡೆದರೆ ಉಳಿದವರಿಗೆಲ್ಲ ಬ್ಯುಸಿ, ಸಿಗದವರು ಸುಮ್ನೆ ಕೂರುವುದಿಲ್ಲ, ಮತ್ತೆ ಮತ್ತೆ ರೀಡಯಲ್ ಒತ್ತುತ್ತಾರೆ, ಅದರಿಂದ ನೂಕುನುಗ್ಗಲು ಇನ್ನೂ ಜಾಸ್ತಿ.

ಸದ್ದಿಲ್ಲದೆ ಕಟ್ ಆಗುತ್ತದೆ ಅಂದಿರಲ್ಲ, ಅದಕ್ಕೂ ಕಾರಣ ಇರಬಹುದು. ಒಂದೇ ನಂಬರಿಗೆ ಪ್ರವಾಹದ ಹಾಗೆ ಕರೆ ನುಗ್ಗಿದಾಗ ಆಸ್ಪತ್ರೆ, ಪೊಲೀಸ್, ಫೈರ್‌ನವರ ಫೋನ್ ನಿಂತುಹೋಗಬಾರದು ಅಂತ ಆ ನಂಬರಿನ ಕರೆಗಳನ್ನು ಹೊರಡುವ ಕಡೆಯಲ್ಲೇ ತಡೆದು, ಇಷ್ಟು ಸೆಕೆಂಡಿಗೆ ಒಂದು ಅಂತ ಬಿಡುವ ವ್ಯವಸ್ಥೆ ಇದೆ. ಲ್ಯಾಂಡ್‌ಲೈನ್ ಇದ್ದರೆ ಕಿವಿಗೊಟ್ಟು ಕೇಳಿ. ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ ಬಂದರೆ ಆ ನಂಬರೇ ಬ್ಯುಸಿ. ಕಾಲು ಸೆಕೆಂಡಿನ ಅವಸರದ ಸದ್ದು ಬಂದರೆ ದಾರಿಯೇ ತುಂಬಿದೆ ಅಂತ ಅರ್ಥ, ನಿಮ್ಮ ಕರೆ ಅವರ ಯಂತ್ರದವರೆಗೆ ಹೋಗಿಯೇ ಇಲ್ಲ. ಮೊಬೈಲಿನಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ನಂಬರ್ ಬಂದ ಮೊದಲ ಹದಿನೈದು ನಿಮಿಷ ಬಿಟ್ಟುಬಿಡಿ. ವೋಟಿಂಗ್ ಮಾರನೇ ದಿನದವರೆಗೆ ತೆರೆದಿದ್ದರೆ ಬೆಳಗಿನ ಜಾವ ಮಾಡಿ, ಆಗ ಲೈನ್ ಖಾಲಿ ಇರುತ್ತದೆ.

ಸ್ಯಾನ್ ಹೋಸೆ ಕನ್ನಡಿಗ:

ಸರ್ ಹೇಳಿದ್ದು ಸರಿ, ಆದರೆ ಹುಡುಗಿ ಕೇಳಿದ್ದರಲ್ಲಿ ಇನ್ನೊಂದು ಮಾತಿದೆ, ಅದನ್ನು ಬಿಡಬಾರದು. ಬೇಕಂತ ಮಾಡದಿದ್ದರೂ ಬ್ಯುಸಿ ಎಲ್ಲರಿಗೂ ಸಮವಾಗಿ ಬರುವುದಿಲ್ಲ.

ಅಮೆರಿಕನ್ ಐಡಲ್ ಶೋ ವಿಷಯದಲ್ಲಿ ಇಲ್ಲಿ ಇದೇ ಜಗಳ ಆಗಿತ್ತು. 2003ರ ಫೈನಲ್‌ನಲ್ಲಿ ರೂಬೆನ್ ಸ್ಟಡರ್ಡ್ ಗೆದ್ದ, ಕ್ಲೇ ಐಕೆನ್ ಸೋತ. ಸುಮಾರು 2.4 ಕೋಟಿ ವೋಟಿನಲ್ಲಿ ಅಂತರ ಬರೀ 1.34 ಲಕ್ಷ! ಆ ರಾತ್ರಿ ಬ್ಯುಸಿ ಸದ್ದು ಕೇಳಿ ಕೈಬಿಟ್ಟವರು ಎಷ್ಟು ಜನ ಅನ್ನುವುದನ್ನು ಯೋಚಿಸಿ, ಅವರಲ್ಲಿ ಸ್ವಲ್ಪ ಜನಕ್ಕೆ ಲೈನ್ ಸಿಕ್ಕಿದ್ದರೂ ಫಲಿತಾಂಶ ಯಾವ ಕಡೆಗಾದರೂ ಹೊರಳಬಹುದಿತ್ತು. 2004ರಲ್ಲಿ ಜೆನಿಫರ್ ಹಡ್ಸನ್ ಹೊರಬಿದ್ದ ವಾರ ಅವಳ ಸ್ವಂತ ಊರು ಶಿಕಾಗೋ ಕಡೆ ಬಿರುಗಾಳಿ ಬಂದು ಎಷ್ಟೋ ಮನೆಗಳಲ್ಲಿ ಕರೆಂಟ್ ಹೋಗಿತ್ತು. ಅವಳೇ ಮುಂದೆ 2007ರಲ್ಲಿ ಆಸ್ಕರ್ ತೆಗೆದುಕೊಂಡಳು. ಅದೇ 2004ರಲ್ಲಿ ಹವಾಯಿಯ ಜಾಸ್ಮಿನ್ ಟ್ರೈಯಸ್ ಮೂರನೇ ಸ್ಥಾನದವರೆಗೆ ಬಂದಳು. ಆಗ ವೋಟಿಂಗ್ ಸಮಯ ಆಯಾ ಪ್ರದೇಶದ ಗಡಿಯಾರದ ಪ್ರಕಾರ ಇತ್ತು, ಹಾಗಾಗಿ ಹವಾಯಿಯವರು ಫೋನ್ ಮಾಡುವ ಹೊತ್ತಿಗೆ ನ್ಯೂಯಾರ್ಕಿನವರದು ಮುಗಿದಿರುತ್ತದೆ, ಲೈನ್ ಬಿಡುವಾಗಿರುತ್ತದೆ ಅಂತ ಆಗ ತುಂಬಾ ಜನ ವಾದ ಮಾಡಿದರು. ಅವಳ ಹಾಡನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಎಲ್ಲಿಂದ ಫೋನ್ ಮಾಡುತ್ತೀರಿ ಅನ್ನುವುದು ವೋಟಿನ ಬೆಲೆಯನ್ನೇ ಬದಲಿಸುತ್ತದೆ ಅನ್ನುತ್ತಿದ್ದೇನೆ.

ಹಾನಗಲ್ಲಿನಲ್ಲೂ ಆಗುತ್ತಿರುವುದು ಇದೇ ಅಲ್ವಾ. ಶೋದವರು ಎಣಿಸುವುದು ಅಭಿಮಾನಿಗಳನ್ನಲ್ಲ, ಲೈನ್ ಸಿಕ್ಕವರನ್ನು.

ರಾಗಮಾಲಿಕೆ:

ಎಸ್ಸೆಮ್ಮೆಸ್ ವಿಷಯ ನಾನು ಹೇಳುತ್ತೇನೆ. ಅಮ್ಮನ ಫೋನಿಗೆ ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿರುತ್ತೀರಿ, ಮೇನ್ ಬ್ಯಾಲೆನ್ಸ್ ಸೊನ್ನೆ ಇರಬೇಕು, ನೋಡಿ. ಪ್ಯಾಕಿನಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಬರೆದಿದ್ದರೂ ವೋಟಿಂಗಿನ ಐದಾರು ಅಂಕಿಯ ಶಾರ್ಟ್ ಕೋಡಿಗೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಅದರ ದರ ಬೇರೆ, ಮೇನ್ ಬ್ಯಾಲೆನ್ಸಿನಿಂದಲೇ ಕಟ್ ಆಗುತ್ತದೆ. ಹತ್ತು ರೂಪಾಯಿ ಟಾಪ್‌ಅಪ್ ಹಾಕಿಸಿ ನೋಡಿ.

ಎರಡನೆಯದು ಬರೆಯುವ ರೀತಿ. ಪರದೆ ಮೇಲೆ ಹೇಗೆ ತೋರಿಸುತ್ತಾರೋ ಹಾಗೇ ಇರಬೇಕು, ನಡುವಿನ ಜಾಗ ಬಿಟ್ಟುಹೋದರೂ ಯಂತ್ರಕ್ಕೆ ಅರ್ಥವಾಗದೆ ಹೋಗಬಹುದು. ಫೋನಿನ ಕೀಬೋರ್ಡ್ ಹುಡುಗನ ಹೆಸರನ್ನು ತಾನೇ ತಿದ್ದಿ ಬೇರೆ ಪದ ಮಾಡುತ್ತದೆ, ಕಳಿಸುವ ಮೊದಲು ಒಮ್ಮೆ ಓದಿ. ಇಂಗ್ಲಿಷ್ ಅಕ್ಷರ ಕೇಳಿದ ಕಡೆ ಕನ್ನಡದಲ್ಲಿ ಬರೆದರೆ ವೋಟು ಹೋದ ಹಾಗೆ ಕಾಣುತ್ತದೆ, ಸೇರುವುದಿಲ್ಲ.

ತಡವಾದ ವೋಟಿನ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಎಸ್ಸೆಮ್ಮೆಸ್ ನೇರವಾಗಿ ಹೋಗುವುದಿಲ್ಲ, ಮೊದಲು ಕಂಪನಿಯ ಸರ್ವರಿನಲ್ಲಿ ಕೂರುತ್ತದೆ, ದಾರಿ ಸಿಕ್ಕಾಗ ಮುಂದೆ ಸಾಗುತ್ತದೆ. ನೀವು ಒಂಬತ್ತಕ್ಕೆ ಕಳಿಸಿದ್ದು ಹನ್ನೊಂದಕ್ಕೆ ತಲುಪಬಹುದು. ಅಷ್ಟರಲ್ಲಿ ವೋಟಿಂಗ್ ಮುಗಿದಿದ್ದರೆ ದುಡ್ಡು ಹೋಗಿರುತ್ತದೆ, ವೋಟು ಇರುವುದಿಲ್ಲ. ಬ್ರಿಟನ್‌ನಲ್ಲಿ ವೀಕ್ಷಕರ ಫೋನ್ ದುಡ್ಡು ತೆಗೆದುಕೊಂಡು ಅವರ ಕರೆಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಐಟಿವಿ ಚಾನೆಲ್‌ಗೆ 2008ರಲ್ಲಿ ಅಲ್ಲಿನ ಟಿವಿ, ಫೋನ್ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 56.75 ಲಕ್ಷ ಪೌಂಡ್ ದಂಡ ಹಾಕಿತು. ನಮ್ಮಲ್ಲೂ ಕೇಳಬೇಕು. ಅಣ್ಣನ ಫೋನಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಕಳಿಸಿದ ಹೊತ್ತು ಮತ್ತು ಉತ್ತರ ಬಂದ ಹೊತ್ತು ಎರಡೂ ಕಾಣಬೇಕು. ಮೊದಲು ಮೊಬೈಲ್ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ದೂರು ಕೊಟ್ಟು, ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೂರು ರೂಪಾಯಿಗೆ ಯಾರು ದೂರು ಕೊಡುತ್ತಾರೆ ಅಂತ ಎಲ್ಲರೂ ಬಿಡುವುದರಿಂದಲೇ ಇದು ಹೀಗೇ ನಡೆದಿರುವುದು.

ಸಿಲಿಗುರಿಯಲ್ಲಿದ್ದವ:

2007ರಲ್ಲಿ ನಾನು ಕೆಲಸದ ಮೇಲೆ ಸಿಲಿಗುರಿಯಲ್ಲಿದ್ದೆ. ಇಂಡಿಯನ್ ಐಡಲ್ ಮೂರನೇ ಸೀಸನ್, ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗ್‌ನ ಅಮಿತ್ ಪಾಲ್ ಫೈನಲ್‌ಗೆ ಬಂದಿದ್ದರು. ಬೆಟ್ಟದ ಊರುಗಳಲ್ಲಿ ಚಂದಾ ಎತ್ತಿದರು, ವೋಟು ಹಾಕುವುದಕ್ಕೇ ಬೂತ್ ಇಟ್ಟರು. ಮೇಜಿನ ಸುತ್ತ ಹುಡುಗರು ಕೂತು ಕೈ ನೋಯುವವರೆಗೆ ಎಸ್ಸೆಮ್ಮೆಸ್ ಒತ್ತುತ್ತಿದ್ದರು. ಕೋಲ್ಕತ್ತಾ ಪೊಲೀಸಿನಲ್ಲಿ ಕಾನ್‌ಸ್ಟೆಬಲ್ ಆಗಿದ್ದ ಪ್ರಶಾಂತ್ ಸೆಪ್ಟೆಂಬರಿನಲ್ಲಿ ಗೆದ್ದಾಗ ಜನ ಬೀದಿಯಲ್ಲಿ ಅತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಇಷ್ಟು ದಿನ ಯಾರೂ ತಿರುಗಿ ನೋಡದ ತಮ್ಮನ್ನು ದೇಶ ನೋಡಿತು ಅನ್ನುವ ಅಳು ಅದು.

ಹಾಗಾಗಿ ದೂರದ ಊರಿನವರಿಗೆ ಆಗುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಆದರೆ ಅವರು ಗೆದ್ದದ್ದು ಒಬ್ಬರು ಎಷ್ಟು ಬೇಕಾದರೂ ವೋಟು ಹಾಕಬಹುದು ಅನ್ನುವ ನಿಯಮದಿಂದ. ಆ ನಿಯಮ ನನಗೆ ಸರಿ ಕಾಣುವುದಿಲ್ಲ. ಬಡವರು ಮನೆ ದುಡ್ಡು ಸುರಿಯಬೇಕಾಗುತ್ತದೆ. ಒಂದು ನಂಬರಿಗೆ ಒಂದೇ ವೋಟು, ಅದೂ ಮಿಸ್ಡ್ ಕಾಲ್, ವೋಟಿಂಗ್ ಪೂರ್ತಿ ಎರಡು ದಿನ ತೆರೆದಿರಬೇಕು. ದುಡ್ಡೂ ಬೇಡ, ನೂಕುನುಗ್ಗಲೂ ಇಲ್ಲ.

ನಿವೃತ್ತ ಎಕ್ಸ್‌ಚೇಂಜ್ ನೌಕರ:

ಮಿಸ್ಡ್ ಕಾಲ್ ಮಾತು ಒಪ್ಪಿದೆ. ಅಲ್ಲಿ ಯಂತ್ರ ನಿಮ್ಮ ನಂಬರ್ ಗುರುತಿಸಿ ಕರೆಯನ್ನು ತಾನೇ ಕತ್ತರಿಸುತ್ತದೆ, ಲೈನ್ ಹಿಡಿಯುವುದು ಸ್ವಲ್ಪವೇ ಹೊತ್ತು, ಅಷ್ಟೇ ಲೈನಿನಲ್ಲಿ ಎಷ್ಟೋ ಪಟ್ಟು ಜನ ವೋಟು ಹಾಕಬಹುದು. ಸಾಮಾನ್ಯವಾಗಿ ರಿಂಗ್ ಆಗಿ ತಾನೇ ಕಟ್ ಆದರೆ ಸೇರಿದೆ ಅಂತ, ಬ್ಯುಸಿ ಬಂದರೆ ಸೇರಿಲ್ಲ ಅಂತ.

ಹಾನಗಲ್ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಮೇನ್ ಬ್ಯಾಲೆನ್ಸ್ ಸೊನ್ನೆಯೇ ಇತ್ತು! ಟಾಪ್‌ಅಪ್ ಹಾಕಿಸಿದ ಮೇಲೆ ಎಸ್ಸೆಮ್ಮೆಸ್ ಹೋಯಿತು, ಉತ್ತರವೂ ಬಂತು. ನಮ್ಮ ಓಣಿಯಲ್ಲಿ ಸುಮಾರು ಮನೆಗಳಲ್ಲಿ ಇದೇ ಕಥೆ, ಇವತ್ತು ಸಂಜೆ ಮನೆಮನೆಗೆ ಹೋಗಿ ಹೇಳುತ್ತೇನೆ. ಅಣ್ಣ 198ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆಸಿಕೊಂಡಿದ್ದಾನೆ. ಚಾನೆಲ್‌ಗೂ ಪತ್ರ ಬರೆಯುತ್ತಿದ್ದೇವೆ: ವೋಟಿಂಗ್ ಮಾರನೇ ದಿನ ರಾತ್ರಿವರೆಗೆ ತೆರೆದಿಡಿ, ತಡವಾಗಿ ಬಂದು ಬಿಟ್ಟುಹೋದ ವೋಟು ಎಷ್ಟು ಅಂತ ಪ್ರತಿ ವಾರ ತೋರಿಸಿ. ಸಹಿ ಹಾಕಲು ಶಾಲೆಯ ಮೇಷ್ಟ್ರು, ಹಾಲಿನ ಡೈರಿಯವರು ಎಲ್ಲರೂ ಒಪ್ಪಿದ್ದಾರೆ. ಪತ್ರದಲ್ಲಿ ಇನ್ನೇನು ಸೇರಿಸಬೇಕು ಅಂತ ಇದ್ದರೆ ಶುಕ್ರವಾರದೊಳಗೆ ಇಲ್ಲೇ ಬರೆಯಿರಿ.